ಹನ್ನೊಂದು ತಿಂಗಳ ಇನ್‌ಚಾರ್ಜ್: ಇದಕ್ಕೆ ಮಾರ್ಕು ಹಾಕುವವರು ಯಾರು?

ಎ4_ಸೀಟು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಒಂದು ವಿಷಯ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.

ಕಾಸರಗೋಡು ಜಿಲ್ಲೆಯ ಒಂದು ಸರಕಾರಿ ಕಚೇರಿಯಲ್ಲಿ ನಾನು ಹೆಡ್ ಕ್ಲರ್ಕ್. ಯಾವ ಇಲಾಖೆ ಎಂದು ಹೇಳುವುದಿಲ್ಲ. ರೈತರು ಜಾಸ್ತಿ ಬರುವ ಕಚೇರಿ ಅಂದುಕೊಳ್ಳಿ. 2003ರಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರ ಪಿ.ಎಸ್.ಸಿ. ಲಿಸ್ಟಿನಲ್ಲಿ ಕ್ಲರ್ಕ್ ಆಗಿ ಸೇರಿದೆ. ಈಗ ವಯಸ್ಸು 46.

ನಮ್ಮ ಹಿಂದಿನ ಆಫೀಸರ್ ಕೇರಳದ ತೆಂಕು (ದಕ್ಷಿಣದ) ಜಿಲ್ಲೆಯವರು. ಬಂದ ದಿನದಿಂದಲೇ ವರ್ಗಾವಣೆಗೆ ಬರೆಯುತ್ತಿದ್ದರು, ಸಿಕ್ಕಿತು, ಹೋದರು. ನಮ್ಮ ಜಿಲ್ಲೆಯ ಪಾಡು ನಿಮಗೆ ಗೊತ್ತಲ್ವಾ, ಹೊರಗಿನಿಂದ ಬಂದವರು ನಿಲ್ಲುವುದಿಲ್ಲ. ಆಮೇಲೆ ಹನ್ನೊಂದು ತಿಂಗಳು ಕುರ್ಚಿ ಖಾಲಿ. ಕಾಗದದಲ್ಲಿ ಪಕ್ಕದ ತಾಲೂಕಿನ ಆಫೀಸರಿಗೆ ಫುಲ್ ಚಾರ್ಜ್. ಅವರು ಗುರುವಾರ ಹನ್ನೊಂದೂವರೆಗೆ ಬರುತ್ತಿದ್ದರು, ಬಿಲ್ಲುಗಳಿಗೆ ಸಹಿ ಹಾಕುತ್ತಿದ್ದರು, ಊಟಕ್ಕೆ ಮೊದಲು ಹೊರಡುತ್ತಿದ್ದರು. ತಪ್ಪು ಅವರದ್ದಲ್ಲ, ಅವರಿಗೂ ಅವರದ್ದೇ ಕಚೇರಿ ಉಂಟು. ಸಹಿ ಅವರದ್ದು, ಕಚೇರಿ ನನ್ನದು. ಹೀಗೆ ನಡೆಯಿತು.

ಒಂದೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಕನ್ನಡದಲ್ಲಿ ಬರೆದ ಅರ್ಜಿಗಳಿಗೆ ಬೇರೆ ಅಲ್ಮೇರಾ ಇತ್ತು. ಬೇರೆ ಎಂದರೆ ಗೌರವದಿಂದ ಅಲ್ಲ. ಸೀಟಿನಲ್ಲಿ, ಅಂದರೆ ಅರ್ಜಿ ನೋಡುವ ಕ್ಲರ್ಕಿನ ಮೇಜಿನಲ್ಲಿ, ಇದ್ದವರಿಗೆ ಕನ್ನಡ ಓದಲು ಬಾರದು. ಅನುವಾದ ಆಗಬೇಕು, ಅನುವಾದಕ್ಕೆ ಜನ ಇಲ್ಲ. ಹಾಗಾಗಿ ಕಟ್ಟು ಕಟ್ಟಿ ಒಳಗೆ ಇಡುವುದು. ಅಡಿಯ ಹಲಗೆಯ ಕಟ್ಟಿಗೆ ಗೆದ್ದಲು ಹಿಡಿದಿತ್ತು.

ನಾನು ಮಾಡಿದ್ದು ದೊಡ್ಡ ಕೆಲಸ ಏನಲ್ಲ. ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ನಮ್ಮ ಅಟೆಂಡರನ್ನು ಮುಂದಿನ ಮೇಜಿನಲ್ಲಿ ಕೂರಿಸಿದೆ. ಅವರು ಕನ್ನಡ ಚೆನ್ನಾಗಿ ಓದುತ್ತಾರೆ. ಅರ್ಜಿ ತಂದವರ ಎದುರಿಗೇ ಅವರು ಓದಿ ಹೇಳುವುದು, ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಮಲಯಾಳದಲ್ಲಿ ಎರಡು ಸಾಲು ಬರೆಯುವುದು, ಅರ್ಜಿ ಅವತ್ತೇ ಸೀಟಿಗೆ ಹೋಗುವುದು. ಮೊದಲ ವಾರ ಅವರ ಕೈ ನಡುಗುತ್ತಿತ್ತು. "ಇದು ಕ್ಲರ್ಕ್ ಕೂರುವ ಕುರ್ಚಿ ಅಲ್ವಾ ಮೇಡಂ" ಅಂದರು. ಮೂರನೇ ವಾರ ಮನೆಯಿಂದ ಕನ್ನಡಕ ಒರೆಸುವ ಬಟ್ಟೆ ತಂದು ಮೇಜಿನ ಮೇಲೆ ಇಟ್ಟುಕೊಂಡರು. ಮಳೆಗಾಲ ಮುಗಿಯುವ ಹೊತ್ತಿಗೆ ಅಡಿಯ ಹಲಗೆ ಖಾಲಿ.

ಈಗ ಹೊಸ ಆಫೀಸರ್ ಬಂದಿದ್ದಾರೆ. ಒಳ್ಳೆಯವರು, ದೂರು ಇಲ್ಲ. ಕಳೆದ ವಾರ ಒಂದು ಸುತ್ತೋಲೆ ಬಂತು. ತಿರುವನಂತಪುರದಲ್ಲಿ ಮೂರು ದಿನದ ನಾಯಕತ್ವ ತರಬೇತಿ, ನಮ್ಮ ಇಲಾಖೆಯಿಂದ ಜಿಲ್ಲೆಗೆ ಒಂದು ಹೆಸರು. ಹೋದ ಹೆಸರು ಬೇರೆ ಕಚೇರಿಯ ಹಿರಿಯರೊಬ್ಬರದ್ದು. ಅವರಿಗೆ ನಿವೃತ್ತಿಗೆ ಇನ್ನು ಐದು ತಿಂಗಳು. ಸೀನಿಯಾರಿಟಿ ಲಿಸ್ಟಿನಲ್ಲಿ ಮೇಲೆ ಇದ್ದಾರೆ, ಅಷ್ಟೇ ಕಾರಣ. ಅವರೇ ನನಗೆ ಫೋನ್ ಮಾಡಿ, "ಮೊಣಕಾಲು ನೋವು ಮಾರಾಯ್ತಿ, ಅಷ್ಟು ದೂರ ಕೂತು ಹೋಗಿ ನಾನು ಯಾರಿಗೆ ನಾಯಕ ಆಗಬೇಕು?" ಅಂದರು.

ನನ್ನ ಪ್ರಶ್ನೆ ತರಬೇತಿ ಸಿಗಲಿಲ್ಲ ಎನ್ನುವುದು ಅಲ್ಲ. (ಸ್ವಲ್ಪ ಅದೂ ಹೌದು.) ನಾನು ಎಂ.ಒ.ಪಿ. (ಕಚೇರಿ ಕಾರ್ಯವಿಧಾನದ ಇಲಾಖಾ ಪರೀಕ್ಷೆ) ಬರೆದಿದ್ದೇನೆ, ಅಕೌಂಟ್ ಟೆಸ್ಟ್ ಬರೆದಿದ್ದೇನೆ. ಯಾವ ರಿಜಿಸ್ಟರಿನಲ್ಲಿ ಏನು ಬರೆಯಬೇಕು ಎಂದು ಕೇಳಿದರು. ನಾಲ್ಕು ಜನರನ್ನು ಹೇಗೆ ಕೆಲಸಕ್ಕೆ ಹಚ್ಚುತ್ತೀ ಎಂದು 22 ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಹನ್ನೊಂದು ತಿಂಗಳು ಅದನ್ನೇ ಮಾಡಿ ತೋರಿಸಿದೆ, ಅದು ಸರ್ವಿಸ್ ಬುಕ್ಕಿನಲ್ಲಿ ಒಂದು ಸಾಲಾಗಿಯೂ ಇಲ್ಲ. ಸರಕಾರಿ ಕೆಲಸದಲ್ಲಿ ಯಾರಿಗೆ ಮುಂದೆ ನಿಂತು ನಡೆಸುವ ಶಕ್ತಿ ಉಂಟು ಎಂದು ನೋಡುವ ಕ್ರಮವೇ ಇಲ್ವಾ?

ಕುಂಬಳೆ_ಗಾಳಿ

ಅಕ್ಕ, ನಿಮ್ಮ ಬೇಸರ ಅರ್ಥ ಆಗುತ್ತದೆ. ಆದರೆ ಸೀನಿಯಾರಿಟಿ ಬೇಡ ಎಂದು ಮಾತ್ರ ಹೇಳಬೇಡಿ. ಸೀನಿಯಾರಿಟಿ ಕುರುಡು, ಒಪ್ಪಿದೆ. ಕುರುಡು ಆಗಿರುವುದರಿಂದಲೇ ನಮ್ಮಂಥವರಿಗೆ ರಕ್ಷಣೆ. ನಾಳೆ "ಸಾಮರ್ಥ್ಯ ನೋಡಿ ಬಡ್ತಿ" ಅಂದರೆ ಸಾಮರ್ಥ್ಯ ನೋಡುವವರು ಯಾರು? ಆ ಗುರುವಾರದ ಆಫೀಸರು. ಅವರಿಗೆ ನಿಮ್ಮ ಅಟೆಂಡರ್ ಓದಿದ್ದು ಕಾಣುತ್ತದಾ? ಅವರ ಜೊತೆ ಊಟಕ್ಕೆ ಹೋಗುವವನು ಕಾಣುತ್ತಾನೆ. ಗಡಿನಾಡಿನ ಕನ್ನಡದವರು ಆ ಲೆಕ್ಕದಲ್ಲಿ ಮೊದಲು ಹೊರಗೆ ಬೀಳುತ್ತಾರೆ.

ಮೇಲಿನವರು ವರ್ಷ ವರ್ಷ ನೌಕರನ ಬಗ್ಗೆ ಬರೆಯುವ ಗುಟ್ಟಿನ ವರದಿಯ ಕಥೆ ಗೊತ್ತುಂಟಲ್ವಾ? ದೇವ್ ದತ್ ಎನ್ನುವ ಎಂಜಿನಿಯರ್ ಗಡಿ ರಸ್ತೆಗಳ ಇಲಾಖೆಯಲ್ಲಿ ಇದ್ದರು. ಬಡ್ತಿಗೆ ಐದು ವರ್ಷವೂ "ವೆರಿ ಗುಡ್" ಬೇಕು. 1993-94ರಲ್ಲಿ ಮಾತ್ರ ಯಾರೋ "ಗುಡ್" ಎಂದು ಬರೆದಿಟ್ಟರು. ಕೆಟ್ಟದಾಗಿ ಬರೆದರೆ ಮಾತ್ರ ನೌಕರನಿಗೆ ತಿಳಿಸುವುದು ಆಗಿನ ಕ್ರಮ. "ಗುಡ್" ಕೆಟ್ಟದ್ದಲ್ಲವಲ್ಲ, ಹಾಗಾಗಿ ತಿಳಿಸಲಿಲ್ಲ. ಒಳ್ಳೆಯವನು ಎಂದು ಬರೆದೇ ಅವರ ಬಡ್ತಿ ನಿಲ್ಲಿಸಿದರು! ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2008ರಲ್ಲಿ. ಏನು ಬರೆದರೂ ನೌಕರನಿಗೆ ತಿಳಿಸಲೇಬೇಕು, ಅವನಿಗೆ ಉತ್ತರ ಕೊಡಲು ಅವಕಾಶ ಇರಬೇಕು ಎಂದು. ಅಷ್ಟರವರೆಗೆ ಎಷ್ಟು ಜನ "ಗುಡ್" ಆಗಿಯೇ ನಿವೃತ್ತರಾದರೋ.

ಕೋಲು ಸರಿ ಇದ್ದರೆ ಸಾಲದು, ಕೋಲು ಯಾರ ಕೈಯಲ್ಲಿ ಉಂಟು ಎಂದು ನೋಡಬೇಕು.

ಉಪ್ಪಳ_ಗೇಟ್

ಮೂರು ದಿನದ ತರಬೇತಿಯಲ್ಲಿ ಒಂದು ದಿನ ಉದ್ಘಾಟನೆ, ಒಂದು ದಿನ ಸರ್ಟಿಫಿಕೇಟ್. ನಡುವಿನ ದಿನ ಪದ್ಮನಾಭಸ್ವಾಮಿ ದೇವಸ್ಥಾನ. ಅಕ್ಕ ನೀವು ಏನೂ ಕಳೆದುಕೊಂಡಿಲ್ಲ 😄

ಅಡ್ಕದ_ಮಾಷ್ಟ್ರು

ನಾನು ನಿವೃತ್ತ ಮುಖ್ಯೋಪಾಧ್ಯಾಯ, ಕನ್ನಡ ಮಾಧ್ಯಮ ಪ್ರೈಮರಿ ಶಾಲೆ. ಎ4 ಹೇಳಿದ್ದು ನೂರಕ್ಕೆ ನೂರು ನಿಜ.

ಹೈಸ್ಕೂಲಿನಲ್ಲಿ ಎಚ್.ಎಂ. ಆಗಬೇಕಾದರೆ ಅಕೌಂಟ್ ಟೆಸ್ಟ್ ಲೋವರ್, ಕೆ.ಇ.ಆರ್. (ಕೇರಳ ಶಿಕ್ಷಣ ನಿಯಮಗಳ) ಟೆಸ್ಟ್ ಎರಡೂ ಪಾಸಾಗಬೇಕು. ಪ್ರೈಮರಿಯಲ್ಲಿ ನನ್ನ ಕಾಲಕ್ಕೆ 50 ದಾಟಿದವರಿಗೆ ಟೆಸ್ಟಿನಿಂದ ವಿನಾಯಿತಿ ಇತ್ತು. ನಾನು ಆ ವಿನಾಯಿತಿಯ ಎಚ್.ಎಂ. ನೋಡಿ ಹೇಗುಂಟು: ಟೆಸ್ಟ್ ಬರೆದವನು ಲೆಕ್ಕ ಬಲ್ಲ, ಆದ್ದರಿಂದ ಮುಖ್ಯಸ್ಥ. ಬರೆಯದವನಿಗೆ ವಯಸ್ಸಾಗಿದೆ, ಆದ್ದರಿಂದ ಮುಖ್ಯಸ್ಥ. ಜೂನ್ ಒಂದಕ್ಕೆ ನನ್ನ ಕೈಗೆ ಬಂದದ್ದು ಹದಿನಾಲ್ಕು ಕೀಲಿಗಳ ಒಂದು ಗೊಂಚಲು ಮತ್ತು ಬಿಸಿಯೂಟದ ಅಕ್ಕಿಯ ಲೆಕ್ಕದ ಪುಸ್ತಕ. ಯಾವ ಕೀಲಿ ಯಾವುದಕ್ಕೆ ಎಂದು ತಿಳಿಯಲು ಒಂದು ವಾರ ಬೇಕಾಯಿತು. ಎರಡು ಕೀಲಿಗೆ ಬೀಗ ಕೊನೆಯವರೆಗೂ ಸಿಗಲಿಲ್ಲ.

ಆದರೆ ಶಾಲೆಯಲ್ಲಿ ನಡೆಸುವವರು ಯಾರು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಉಪಜಿಲ್ಲಾ ಕಲೋತ್ಸವ (ಶಾಲಾ ಮಕ್ಕಳ ಕಲಾ ಸ್ಪರ್ಧೆ) ಬಂದರೆ ಸಾಕು, ಬೇರೆ ಪರೀಕ್ಷೆ ಬೇಡ. ಹೊರಗಿನ ಊರಿನವರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ, ನಮ್ಮ ಕೇರಳದ ಕಲೋತ್ಸವದಲ್ಲಿ ಒಂದೊಂದು ಕಮಿಟಿಯನ್ನು ಒಂದೊಂದು ಅಧ್ಯಾಪಕ ಸಂಘಟನೆಗೆ ಕೊಡುತ್ತಾರೆ. ಊಟದ ಕಮಿಟಿ ಎಂದರೆ ಯುದ್ಧ. ಒಂದು ವರ್ಷ ಎರಡನೇ ದಿನ ಮಧ್ಯಾಹ್ನ ಮಳೆ ಬಂದು ಪೆಂಡಾಲ್ ಸೋರಿತು, ಸೌದೆ ಒದ್ದೆ, ಒಲೆಯಲ್ಲಿ ಬರೀ ಹೊಗೆ. ಸಾಲಿನಲ್ಲಿ ಮುಖಕ್ಕೆ ಬಣ್ಣ ಹಚ್ಚಿದ ಮಕ್ಕಳು ನಿಂತಿದ್ದಾರೆ. ಕನ್ವೀನರ್ ಎಂದು ಬ್ಯಾಡ್ಜ್ ಹಾಕಿದವರು ಫೋನ್ ಹಿಡಿದು ಅತ್ತಿತ್ತ ಓಡುತ್ತಿದ್ದರು. ಒಬ್ಬರು ಎಲ್.ಪಿ. (ಕಿರಿಯ ಪ್ರೈಮರಿ) ಟೀಚರ್, ಯಾವ ಹುದ್ದೆಯೂ ಇಲ್ಲದವರು, ಸೀರೆ ಎತ್ತಿ ಕಟ್ಟಿದರು. ಅಡುಗೆಯವರಿಗೆ "ಅನ್ನ ಬಿಡಿ, ಮೊದಲು ಮಕ್ಕಳಿಗೆ ಅವಲಕ್ಕಿ ಕಲಸಿ" ಅಂದರು. ಇಬ್ಬರು ಮಾಷ್ಟ್ರುಗಳನ್ನು ಎದುರಿನ ಮನೆಗಳಿಗೆ ಒಣ ಸೌದೆಗೆ ಕಳಿಸಿದರು. ಸಾಲಿನ ಹತ್ತಿರ ಹೋಗಿ, ನಾಟಕದವರು ಮೊದಲು, ಒಪ್ಪನ ಕುಣಿತದವರು ಆಮೇಲೆ, ಉಳಿದವರು ಕೊನೆಗೆ ಎಂದು ವೇದಿಕೆಯ ಸಮಯ ನೋಡಿ ಸಾಲು ಬದಲಿಸಿದರು. ಯಾರ ಮೇಲೂ ಗದರಲಿಲ್ಲ.

ಆ ಟೀಚರ್ ನಿವೃತ್ತಿಯಾಗುವಾಗಲೂ ಟೀಚರೇ. ಅವರಿಗೆ ಎಚ್.ಎಂ. ಸರದಿ ಬರಲಿಲ್ಲ.

ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದಲ್ಲಿ ಮಾಷ್ಟ್ರು ಆಗಿದ್ದವರು, ಬದಿಯಡ್ಕ ಪಂಚಾಯತಿಗೂ ಅಧ್ಯಕ್ಷರಾದರು. ಕವಿ ಎಂದು ಎಲ್ಲರೂ ನೆನೆಯುತ್ತಾರೆ, ಪಂಚಾಯತು ನಡೆಸಿದ್ದನ್ನು ನಮ್ಮ ಕಡೆಯ ಹಳಬರು ಮಾತ್ರ ನೆನೆಯುತ್ತಾರೆ. ಅವರಿಗೂ ಯಾರೂ ಟೆಸ್ಟ್ ಕೊಟ್ಟಿರಲಿಲ್ಲ.

ಹಗ್ಗ_ಹಲಗೆ_ಡ್ರಮ್

ಮಾಷ್ಟ್ರೇ, ನೀವು ಹೇಳಿದ ಆ ಅಡುಗೆಮನೆಯನ್ನೇ ಪರೀಕ್ಷೆ ಮಾಡಿಟ್ಟವರು ಇದ್ದಾರೆ. ಸೈನ್ಯದವರು.

ನಾನು ಎರಡು ಸಲ ಎಸ್.ಎಸ್.ಬಿ.ಗೆ, ಅಂದರೆ ಸೈನ್ಯಕ್ಕೆ ಆಫೀಸರುಗಳನ್ನು ಆರಿಸುವ ಮಂಡಳಿಗೆ, ಹೋಗಿದ್ದೇನೆ. ಎರಡು ಸಲವೂ ವಾಪಸ್. ಆದರೂ ಆ ಐದು ದಿನದ ಬಗ್ಗೆ ನನಗೆ ಸಿಟ್ಟಿಲ್ಲ. ಎರಡನೇ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷರಿಗೆ ಬೇಗ ಬೇಗ ಆಫೀಸರುಗಳು ಬೇಕಾದರು. ದೊಡ್ಡ ಮನೆತನ, ಒಳ್ಳೆ ಇಂಗ್ಲಿಷ್ ನೋಡಿ ಆರಿಸಿದವರು ರಣರಂಗದಲ್ಲಿ ಕೈ ಕೊಟ್ಟರು. ಆಗ ಈ ಕ್ರಮ ಶುರುವಾಯಿತು. ನಮ್ಮಲ್ಲಿ ಮೊದಲ ಮಂಡಳಿ ಬಂದದ್ದು 1943ರಲ್ಲಿ, ಡೆಹ್ರಾಡೂನಿನಲ್ಲಿ. ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಸಿವಿಲ್ ಸರ್ವಿಸಿಗೂ ಅದನ್ನೇ ತಂದರು.

ಮೈದಾನದಲ್ಲಿ ಹಗ್ಗ, ಹಲಗೆ, ಡ್ರಮ್ ಕೊಡುತ್ತಾರೆ. ಬಿಳಿ ಬಣ್ಣದ ಜಾಗ ಮುಟ್ಟಬಹುದು, ಕೆಂಪು ಮುಟ್ಟಬಾರದು, ಆಚೆ ದಾಟಬೇಕು. ನಾಯಕ ಯಾರು ಎಂದು ಹೇಳುವುದೇ ಇಲ್ಲ. ಒಬ್ಬರು ಆಫೀಸರ್ ದೂರದಲ್ಲಿ ನಿಂತು ಬರೆದುಕೊಳ್ಳುತ್ತಿರುತ್ತಾರೆ. ಯಾರು ಮಾತಾಡಿದ ಎಂದಲ್ಲ, ಯಾರ ಮಾತಿಗೆ ಹಲಗೆ ಎದ್ದಿತು ಎಂದು.

ನಾನು ಬಿದ್ದದ್ದು ಕಮಾಂಡ್ ಟಾಸ್ಕಿನಲ್ಲಿ ಎಂದು ನನ್ನ ಅಂದಾಜು. ಅದರಲ್ಲಿ ನೀನೇ ಕಮಾಂಡರ್, ಸಹಾಯಕ್ಕೆ ಇಬ್ಬರನ್ನು ಆರಿಸಿಕೊ ಎನ್ನುತ್ತಾರೆ. ನಾನು ಇಬ್ಬರು ಗಟ್ಟಿ ಆಳುಗಳನ್ನು ಆರಿಸಿದೆ. ಆಮೇಲೆ ಹಲಗೆ ಎತ್ತಿದ್ದು ನಾನು, ಹಗ್ಗ ಕಟ್ಟಿದ್ದು ನಾನು, ಡ್ರಮ್ ಉರುಳಿಸಿದ್ದೂ ನಾನು. ಅವರಿಬ್ಬರು ಸೊಂಟಕ್ಕೆ ಕೈ ಇಟ್ಟು ನಿಂತಿದ್ದರು. ದಾಟಿ ಮುಗಿಸಿದೆ, ಖುಷಿಯಿಂದ ಸೆಲ್ಯೂಟ್ ಹೊಡೆದೆ. ಮನೆಗೆ ಬರುವ ರೈಲಿನಲ್ಲಿ, ಸುಮಾರು ಶೊರ್ಣೂರಿನ ಹತ್ತಿರ, ತಲೆಗೆ ಹೊಳೆಯಿತು.

ಕುಂಬಳೆಯಣ್ಣ ಕೋಲು ಯಾರ ಕೈಯಲ್ಲಿ ಎಂದು ಕೇಳಿದರಲ್ಲ, ಅಲ್ಲಿ ಅದಕ್ಕೆ ಉತ್ತರ ಉಂಟು. ಮೂರು ಕೋಲು. ಮೈದಾನದವರು ಒಬ್ಬರು, ಮನಶ್ಶಾಸ್ತ್ರದವರು ಒಬ್ಬರು, ಸಂದರ್ಶನ ಮಾಡುವವರು ಒಬ್ಬರು. ಮೂವರೂ ಬೇರೆ ಬೇರೆ ನೋಡುತ್ತಾರೆ, ಬೇರೆ ಬೇರೆ ಅಂಕ ಹಾಕುತ್ತಾರೆ. ಕೊನೆಯ ದಿನ ಕಾನ್ಫರೆನ್ಸಿನಲ್ಲಿ ಮಾತ್ರ ಎಲ್ಲ ಒಟ್ಟಿಗೆ ಕೂರುವುದು. ನೋಡುವ ಗುಣಗಳು 15, ಮೊದಲೇ ಬರೆದಿಟ್ಟದ್ದು. ಒಬ್ಬರಿಗೆ ನಿಮ್ಮ ಮುಖ ಹಿಡಿಸದಿದ್ದರೂ ಇನ್ನಿಬ್ಬರು ಇದ್ದಾರೆ.

ಎ4_ಸೀಟು

@ಹಗ್ಗ_ಹಲಗೆ_ಡ್ರಮ್ ತಮ್ಮ, ಚೆನ್ನಾಗಿ ಬರೆದಿದ್ದೀಯ. ಆದರೆ ನಮ್ಮ ಕಚೇರಿಯ ಅಂಗಳದಲ್ಲಿ ಡ್ರಮ್ ಉರುಳಿಸಲು ನನಗೆ ಆಗದು. ಕಚೇರಿಗೆ ಹೊಂದುವ ಹಾಗೆ ಏನಾದರೂ ಉಂಟಾ?

ಹಗ್ಗ_ಹಲಗೆ_ಡ್ರಮ್

ಉಂಟು ಅಕ್ಕ. ದೊಡ್ಡ ಕಂಪೆನಿಗಳಲ್ಲಿ, ಬೇರೆ ದೇಶದ ಸರಕಾರಗಳಲ್ಲಿ ಮೇಜಿನ ಪರೀಕ್ಷೆ ಮಾಡುತ್ತಾರೆ. ನಿಮ್ಮನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಇಪ್ಪತ್ತು ಮೂವತ್ತು ಕಾಗದ ಇಡುತ್ತಾರೆ. ಒಂದು ಮೇಲಿನಿಂದ ಬಂದ ತುರ್ತು ಪತ್ರ, ಒಂದು ಸಿಬ್ಬಂದಿಯ ರಜೆ ಅರ್ಜಿ, ಒಂದು ಊರಿನವರ ದೂರು, ಒಂದು ಸುಮ್ನೆ ಮದುವೆ ಕಾಗದ. ಅವುಗಳಲ್ಲಿ ಎರಡು ಕಾಗದ ಒಂದಕ್ಕೊಂದು ತಾಗುತ್ತವೆ, ಅದನ್ನು ನೀವೇ ಕಂಡುಹಿಡಿಯಬೇಕು. ಒಂದು ಗಂಟೆ ಸಮಯ. ಯಾವುದಕ್ಕೆ ಮೊದಲು ಕೈ ಹಾಕಿದಿರಿ, ಯಾವುದನ್ನು ಯಾರಿಗೆ ದಾಟಿಸಿದಿರಿ, ಯಾವುದನ್ನು ಬುಟ್ಟಿಗೆ ಹಾಕಿದಿರಿ ಎಂದು ನೋಡುತ್ತಾರೆ. ಆಮೇಲೆ ಯಾಕೆ ಎಂದು ಕೇಳುತ್ತಾರೆ.

ಉಪ್ಪಳ_ಗೇಟ್

ನಮ್ಮಲ್ಲಿ ಆದರೆ ಮದುವೆ ಕಾಗದಕ್ಕೆ ಮೊದಲು ಕೈ ಹೋಗುತ್ತದೆ. ತಾರೀಕು ಭಾನುವಾರವಾ ಎಂದು ನೋಡಲು.

ರ‍್ಯಾಂಕ್_ಲಿಸ್ಟ್

ಒಂದು ವಿಷಯ ಯಾರೂ ಹೇಳಲಿಲ್ಲ. ಕೆ.ಎ.ಎಸ್. ನಾನು ಅದಕ್ಕೆ ಓದುತ್ತಿದ್ದೇನೆ, ಹಾಗಾಗಿ ಬಾಯಿಪಾಠ.

ಕೇರಳ ಆಡಳಿತ ಸೇವೆಯ ಮೊದಲ ನೋಟಿಫಿಕೇಶನ್ ಬಂದದ್ದು 2019ರ ನವೆಂಬರ್ 1ಕ್ಕೆ. ಪ್ರಿಲಿಮ್ಸ್ 2020ರ ಫೆಬ್ರವರಿಯಲ್ಲಿ. ಮೊದಲ ತಂಡದ 105 ಜನ 2021ರ ಡಿಸೆಂಬರಿನಲ್ಲಿ ತರಬೇತಿಗೆ ಸೇರಿದರು. ಮೂರು ದಾರಿ ಇಟ್ಟರು. ಒಂದು ಹೊರಗಿನ ಹುಡುಗರಿಗೆ. ಎರಡನೆಯದು ಈಗಾಗಲೇ ಸರಕಾರಿ ಕೆಲಸದಲ್ಲಿ ಇರುವ ನಾನ್ ಗೆಜೆಟೆಡ್ ನೌಕರರಿಗೆ. ಮೂರನೆಯದು ಗೆಜೆಟೆಡ್ ಆಫೀಸರುಗಳಿಗೆ. ಅಂದರೆ ಮುಂದೆ ನಿಲ್ಲುವವರು ಒಳಗೂ ಇದ್ದಾರೆ ಎಂದು ಸರಕಾರ ಒಪ್ಪಿದೆ. ಪ್ರಿಲಿಮ್ಸಿನ ಭಾಷೆಯ ಭಾಗದಲ್ಲಿ ಮಲಯಾಳದ ಬದಲು ಕನ್ನಡವನ್ನೋ ತಮಿಳನ್ನೋ ತೆಗೆದುಕೊಳ್ಳಲು ಅವಕಾಶ ಇತ್ತು, 30 ಅಂಕಕ್ಕೆ. ನಮ್ಮವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇರಲಿಲ್ಲ.

ಬೇಸರದ ಸಂಗತಿ ಎಂದರೆ ಎರಡನೇ ದಾರಿಗೆ ವಯಸ್ಸಿನ ಮಿತಿ 40. ಎ4 ಅಕ್ಕನಿಗೆ ಆ ಬಾಗಿಲು ಮುಚ್ಚಿತು. ಮತ್ತೆ ಅದೂ ಬರೆಯುವ ಪರೀಕ್ಷೆ, ಒಂದು ಸಂದರ್ಶನ. ಯಾರ ಮಾತಿಗೆ ಹಲಗೆ ಎದ್ದಿತು ಎಂದು ಅಲ್ಲಿಯೂ ನೋಡುವುದಿಲ್ಲ.

ಇನ್ನೊಂದು. ನಮ್ಮ ಆಚೆಕಡೆ ಮೂಡುಬಿದಿರೆಯ ವೀರಪ್ಪ ಮೊಯಿಲಿಯವರು ಎರಡನೇ ಆಡಳಿತ ಸುಧಾರಣಾ ಆಯೋಗಕ್ಕೆ ಅಧ್ಯಕ್ಷರಾಗಿದ್ದಾಗ, 2008ರ ಹತ್ತನೇ ವರದಿಯಲ್ಲಿ ಒಂದು ಸಲಹೆ ಕೊಟ್ಟಿದ್ದರು. ಪ್ರತಿ ನೌಕರನನ್ನು 14 ವರ್ಷಕ್ಕೆ ಒಂದು ಸಲ, 20 ವರ್ಷಕ್ಕೆ ಒಂದು ಸಲ ಕೂರಿಸಿ ಗಟ್ಟಿಯಾಗಿ ಪರಿಶೀಲಿಸಬೇಕು. 14ರಲ್ಲಿ ಅವನ ಬಲ ಏನು, ಕೊರತೆ ಏನು ಎಂದು ಅವನಿಗೇ ಹೇಳುವುದು. 20ರಲ್ಲಿ ಮುಂದುವರಿಸಬೇಕೋ ಬೇಡವೋ ಎಂದು ನೋಡುವುದು. ಜನ ಎರಡನೆಯದನ್ನು ಮಾತ್ರ ಕೇಳಿ ಹೆದರಿದರು. ನನಗೆ ಮೊದಲನೆಯದೇ ದೊಡ್ಡದಾಗಿ ಕಾಣುತ್ತದೆ. ಅಕ್ಕನಿಗೆ 2017ರಲ್ಲಿ ಯಾರಾದರೂ ಹಾಗೆ ಕೂರಿಸಿ ಹೇಳಿದ್ದರೆ ಅವರಿಗೆ ಆಗ 38. ಕೆ.ಎ.ಎಸ್. ನೋಟಿಫಿಕೇಶನ್ ಬರುವಾಗ 40.

ಅಕ್ಕಲಕೋಟದಿಂದ

ನಮಸ್ಕಾರ್ರೀ. ನಾನು ಸೊಲ್ಲಾಪುರ ಜಿಲ್ಲೆಯವ, ಸರಕಾರಿ ಬ್ಯಾಂಕಿನಾಗ ಇದ್ದೇನೆ. ಮನೆಯಲ್ಲಿ ಕನ್ನಡ, ಬಜಾರದಾಗ ಮರಾಠಿ, ಹೆಡ್ ಆಫೀಸಿಗೆ ಇಂಗ್ಲಿಷು. ನಿಮ್ಮ ಕಥಿ ಓದಿ ನಮ್ಮದೇ ಅನ್ನಿಸಿತು.

ನಮ್ಮಲ್ಲಿ ಬಡ್ತಿಗೆ ಪರೀಕ್ಷೆ, ಸಂದರ್ಶನ ಎಲ್ಲ ಐತಿ. ಆದರ ಖರೇ ಪರೀಕ್ಷೆ ಹಳ್ಳಿ ಬ್ರಾಂಚು. ಹಳ್ಳಿಯಾಗ ಕೆಲಸ ಮಾಡದೆ ಮ್ಯಾಲೆ ಹೋಗೂದು ಕಷ್ಟ. ನನ್ನ ಮೊದಲ ಬ್ರಾಂಚಿನಾಗ ನಾನೊಬ್ಬ ಮ್ಯಾನೇಜರ್, ಒಬ್ಬ ಕ್ಯಾಶಿಯರ್, ಒಬ್ಬ ಪ್ಯೂನ್. ಕ್ಯಾಶಿಯರ್ ರಜಾ ಹಾಕಿದ ದಿನ ನಾನೇ ರೊಕ್ಕ ಎಣಿಸೂದು. ಬೆಳೆಸಾಲ ನವೀಕರಣದ ಹೊತ್ತಿಗೆ ಕೌಂಟರ್ ಮುಂದ ಜಾತ್ರಿ. ಎಡವಿದರೂ ಸಣ್ಣ ಬ್ರಾಂಚು, ಸಣ್ಣ ನಷ್ಟ. ಹಂಗ ಸಣ್ಣದರಾಗ ಎಡವಿಸಿ ಕಲಿಸ್ತಾರ. ಸಿಟಿಯೊಳಗ ಎಂಟು ವರ್ಷ ಒಂದೇ ಸೀಟಿನಾಗ ಕೂತು, ಒಮ್ಮೆಲೇ ದೊಡ್ಡ ಬ್ರಾಂಚಿಗೆ ಬಂದವರನ್ನೂ ನೋಡೀನಿ. ಪಾಪ, ಅವರಿಗೆ ಬೈಯಲಿಕ್ಕೂ ಬರೂದಿಲ್ಲ, ಹೊಗಳಲಿಕ್ಕೂ ಬರೂದಿಲ್ಲ.

ನಿಮ್ಮ ಕಾಸರಗೋಡಿನ ಖಾಲಿ ಕುರ್ಚಿ ಐತಲ್ಲ ಅಕ್ಕಾರ, ಅದು ನಮ್ಮ ಹಳ್ಳಿ ಬ್ರಾಂಚ್ ಇದ್ದಂಗ. ಫರಕು ಇಷ್ಟೇ. ನಮ್ಮ ಬ್ಯಾಂಕು ಅದನ್ನ ಬರಕೊಳ್ತದ, ನಿಮ್ಮ ಇಲಾಖೆ ಬರಕೊಳ್ಳೂದಿಲ್ಲ.

ಕುಂಬಳೆ_ಗಾಳಿ

ಅಕ್ಕಲಕೋಟದ ಅಣ್ಣ ಹೇಳಿದ್ದು ಸರಿಯಾದ ಜಾಗಕ್ಕೆ ತಾಗಿತು. ನಾನು ಮೊದಲು ಹೇಳಿದ್ದನ್ನು ಸ್ವಲ್ಪ ತಿದ್ದುತ್ತೇನೆ. ಇಡೀ ಜಿಲ್ಲೆಯಲ್ಲಿ ಖಾಲಿ ಕುರ್ಚಿ ಇದ್ದಷ್ಟೂ ಇನ್‌ಚಾರ್ಜ್ ಜನ ಇದ್ದಾರೆ. ತೆಂಕಿನಲ್ಲಿ 50ಕ್ಕೆ ಸಿಗುವ ಜವಾಬ್ದಾರಿ ಇಲ್ಲಿ 38ಕ್ಕೆ ತಲೆ ಮೇಲೆ ಬೀಳುತ್ತದೆ. ಶಾಪ ಎಂದೇ ಎಣಿಸಿದ್ದೆ. ಆ ಅನುಭವವನ್ನು ಕಾಗದಕ್ಕೆ ಇಳಿಸಿದರೆ ನಮ್ಮವರ ಕೈಯಲ್ಲಿ ಏನೋ ಒಂದು ಇರುತ್ತದೆ.

ಆದರೆ ಖಾಲಿ ಬಿಡುವುದಕ್ಕೆ ಇದು ನೆಪ ಆಗಬಾರದು. "ನಿಮಗೆ ತರಬೇತಿ ಆಗುತ್ತಿದೆ" ಎಂದು ಇನ್ನೂ ಎರಡು ವರ್ಷ ಆಫೀಸರನ್ನೇ ಕಳಿಸದಿದ್ದರೆ?

ಕೇಂದ್ರ_ನೌಕರ

ನಮ್ಮದು ಕೇಂದ್ರದ ಸಂಸ್ಥೆ. ಮಿಷನ್ ಕರ್ಮಯೋಗಿ ಎಂದು 2020ರ ಸೆಪ್ಟೆಂಬರಿನಲ್ಲಿ ಮಂಜೂರಾಯಿತಲ್ಲ, ನೌಕರರ ತರಬೇತಿಯ ಯೋಜನೆ, ಅದರ ಐಗಾಟ್ ಎನ್ನುವ ಆನ್‌ಲೈನ್ ಪೋರ್ಟಲಿನಲ್ಲಿ ನಾಯಕತ್ವದ ಕೋರ್ಸುಗಳೂ ಇವೆ. ಯೋಚನೆ ಒಳ್ಳೆಯದೇ. ನಿಯಮ ನೋಡಿ ಅಲ್ಲ, ಮಾಡುವ ಕೆಲಸ ನೋಡಿ ಯಾರಿಗೆ ಏನು ಕಲಿಸಬೇಕು ಎಂದು ತೀರ್ಮಾನ. ಪಾಠಗಳು ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಮಾರ್ಚ್ ಕೊನೆಗೆ ಇಷ್ಟು ಕೋರ್ಸು ಮುಗಿಸಿ ಎಂದು ಮೇಲಿನಿಂದ ಬರುತ್ತದೆ. ಆಗ ವಿಡಿಯೋ ಓಡುತ್ತಿರುತ್ತದೆ, ನಾವು ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತಿರುತ್ತೇವೆ. ಬ್ಯಾಡ್ಜ್ ಬರುತ್ತದೆ.

ಏಳನೇ_ವಾರ್ಡು

ನೀವೆಲ್ಲ ನೌಕರರು. ನಾನು ಓಟಿನಲ್ಲಿ ಬಂದವಳು, ಪಂಚಾಯತ್ ಮೆಂಬರ್. ನಮಗೆ ಪರೀಕ್ಷೆಯೂ ಇಲ್ಲ, ಸೀನಿಯಾರಿಟಿಯೂ ಇಲ್ಲ. ಆದರೂ ಹೇಳಲು ಒಂದು ಉಂಟು.

ನಾನು ಹತ್ತನೇ ಕ್ಲಾಸು. ಮದುವೆಯಾಗಿ ಬಂದಾಗ ಬ್ಯಾಂಕಿನ ಚಲನ್ ತುಂಬಲು ಗೊತ್ತಿರಲಿಲ್ಲ. ಕುಟುಂಬಶ್ರೀಯ (ಕೇರಳ ಸರಕಾರದ ಮಹಿಳಾ ಯೋಜನೆ) ಅಯಲ್ಕೂಟಂ, ಅಂದರೆ ನೆರೆಹೊರೆಯ ಗುಂಪು, ಸೇರಿದೆ. ಹತ್ತಿಪ್ಪತ್ತು ಹೆಂಗಸರು, ವಾರಕ್ಕೊಂದು ಮೀಟಿಂಗ್, ಒಂದೊಂದು ವಾರ ಒಂದೊಂದು ಮನೆ. ಈ ಮನೆ ಬದಲಿಸುವುದನ್ನು ಸಣ್ಣದು ಎಂದು ಎಣಿಸಬೇಡಿ. ನಮ್ಮ ಮನೆಯ ಸರದಿ ಬಂದಾಗ ಅಂಗಳಕ್ಕೆ ಸೆಗಣಿ ಸಾರಿಸಿ, ಚಾಪೆ ಹಾಸಿ, ನಾನೇ ಸ್ವಾಗತ ಹೇಳಬೇಕು. ಅತ್ತೆ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ಅವತ್ತು ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ಆಮೇಲೆ ಸೆಕ್ರೆಟರಿ ಆದೆ, ಮಿನಿಟ್ಸ್ ಬರೆದೆ, ಸಾಲ ಕೊಡುವಾಗ ಇಲ್ಲ ಎಂದು ಹೇಳಲು ಕಲಿತೆ. (ಅದು ಎಲ್ಲದಕ್ಕಿಂತ ಕಷ್ಟ. ಎದುರಿಗೆ ಕೂತವಳು ನಾದಿನಿ.) ಆಮೇಲೆ ಈ ಗುಂಪುಗಳ ವಾರ್ಡು ಮಟ್ಟದ ಕೂಟ ಎ.ಡಿ.ಎಸ್., ಆಮೇಲೆ ಪಂಚಾಯತಿನ ಮಟ್ಟದ ಕೂಟ ಸಿ.ಡಿ.ಎಸ್. 2010ರಿಂದ ಕೇರಳದಲ್ಲಿ ಅರ್ಧ ಸೀಟು ಹೆಂಗಸರಿಗೆ ಬಂತಲ್ಲ. ಪಾರ್ಟಿಯವರು ಹುಡುಕಿಕೊಂಡು ಬಂದರು. ಅವರಿಗೆ ಹೆಸರು ಬೇಕಿತ್ತು, ನಾನು ಆಗಲೇ ತಯಾರಾಗಿ ಕೂತಿದ್ದೆ.

ಗೆದ್ದ ಮೇಲೆ ತೃಶ್ಶೂರಿನ ಮುಳಂಕುನ್ನತ್ತುಕಾವಿನಲ್ಲಿ ಕಿಲಾದ (ಸ್ಥಳೀಯ ಆಡಳಿತ ಕಲಿಸುವ ಕೇರಳದ ಸಂಸ್ಥೆ) ತರಬೇತಿ. ಚೆನ್ನಾಗಿ ಕಲಿಸಿದರು, ಎಲ್ಲ ಮಲಯಾಳದಲ್ಲಿ. ನನಗೆ ಮಾತಾಡಿದರೆ ತಿಳಿಯುತ್ತದೆ, ಪುಸ್ತಕ ಓದಲು ಬರುವುದಿಲ್ಲ. ಮಗಳು ರಾತ್ರಿ ಫೋನಿನಲ್ಲಿ ಓದಿ ಹೇಳುತ್ತಿದ್ದಳು.

ಮತ್ತೆ ಆಫೀಸರು ಯಾರು ಒಳ್ಳೆಯವರು, ಯಾರು ಬರೀ ಸಹಿ, ನಮಗೆ ಆರು ತಿಂಗಳಲ್ಲಿ ಗೊತ್ತಾಗುತ್ತದೆ. ನಮ್ಮನ್ನು ಯಾಕೆ ಯಾರೂ ಕೇಳುವುದಿಲ್ಲ?

ಕುಂಬಳೆ_ಗಾಳಿ

ಮೆಂಬರ್ ಅಕ್ಕ, ದಿಲ್ಲಿಯಲ್ಲಿ ಕೇಳಿ ನೋಡಿದ್ದಾರೆ. ಜಂಟಿ ಕಾರ್ಯದರ್ಶಿ ಮಟ್ಟಕ್ಕೆ ಆರಿಸುವಾಗ ಮೇಲಿನವರು, ಜೊತೆಯವರು, ಕೆಳಗಿನವರು ಎಲ್ಲರ ಹತ್ತಿರ ಗುಟ್ಟಾಗಿ ವಿಚಾರಿಸುವ ಕ್ರಮ ತಂದರು. 2017ರಲ್ಲಿ ಸಂಸತ್ತಿನ ಸಮಿತಿಯೇ ಅದಕ್ಕೆ ಆಕ್ಷೇಪ ಎತ್ತಿತು. ಯಾರು ಏನು ಹೇಳಿದರು ಎಂದು ಆ ಆಫೀಸರಿಗೆ ತಿಳಿಯುವುದೇ ಇಲ್ಲ, ಉತ್ತರ ಕೊಡಲೂ ಆಗುವುದಿಲ್ಲ ಎಂದು. ನೋಡಿ, ದೇವ್ ದತ್ ಕಥೆ ತಿರುಗಿ ಅಲ್ಲಿಗೇ ಬಂತು.

ಮತ್ತೆ ಒಂದು ಅನುಮಾನ. ಕೆಳಗಿನವರನ್ನು ಕೇಳಿದರೆ, ತಡವಾಗಿ ಬಂದರೂ ಸುಮ್ಮನಿರುವ ಆಫೀಸರಿಗೆ ಮಾರ್ಕು ಜಾಸ್ತಿ ಬೀಳುವುದಿಲ್ವಾ?

ಏಳನೇ_ವಾರ್ಡು

ಒಂದು ವರ್ಷ ಬೀಳಬಹುದು. ಅಯಲ್ಕೂಟಂನಲ್ಲೂ ಸಾಲ ಕೊಟ್ಟು ಕೇಳದ ಪ್ರೆಸಿಡೆಂಟ್ ಮೊದಲ ವರ್ಷ ಎಲ್ಲರಿಗೂ ಇಷ್ಟ. ಎರಡನೇ ವರ್ಷ ಪೆಟ್ಟಿಗೆ ಖಾಲಿಯಾದ ಮೇಲೆ ಯಾರಿಗೂ ಬೇಡ.

ಅಡ್ಕದ_ಮಾಷ್ಟ್ರು

ಎ4, ಒಂದು ಸಲಹೆ. ಯಾರೂ ಬರೆಯುವುದಿಲ್ಲ ಎಂದು ಕೂತರೆ ಆಗದು. ಚಾರ್ಜ್ ವಹಿಸಿ ಕೊಡುವಾಗ ಪಟ್ಟಿ ಕೊಡುತ್ತೇವಲ್ಲ, ಕುರ್ಚಿ ಎಷ್ಟು, ಕಂಪ್ಯೂಟರ್ ಎಷ್ಟು, ಕೀಲಿ ಎಷ್ಟು. ಅದರ ಜೊತೆ ನೀವೇ ಎರಡು ಪುಟ ಬರೆದು ಕೊಡಿ. ಬಂದಾಗ ಹೇಗಿತ್ತು, ಏನು ಮಾಡಿದೆ, ಏನು ಮಾಡಲು ಹೋಗಿ ಆಗಲಿಲ್ಲ, ಯಾರು ಜೊತೆಗಿದ್ದರು. ಹೊಗಳಿಕೆ ಬೇಡ, ತಾರೀಕು ಹಾಕಿ. ಆಗದೇ ಹೋದದ್ದನ್ನು ತಪ್ಪದೆ ಬರೆಯಿರಿ, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ. ಹೊಸ ಆಫೀಸರ್ ಒಳ್ಳೆಯವರು ಎಂದಿರಲ್ಲ, ಕೆಳಗೆ ನಾಲ್ಕು ಸಾಲು ಬರೆಯಲು ಹೇಳಿ. ಆ ಗುರುವಾರದವರ ಹತ್ತಿರವೂ ಹೇಳಿ. ಅಲ್ಲಿಗೆ ಮೂರು ಕೋಲಲ್ಲಿ ಎರಡು ಆಯಿತು.

ಎ4_ಸೀಟು

ಮೂರು ವಾರ ಆಯಿತು. ಬರೆಯುತ್ತೇನೆ ಎಂದು ಹೇಳಿ ಮಾಯವಾದೆ ಎಂದು ಬೈಯಬೇಡಿ, ಆಡಿಟ್ ಇತ್ತು.

ಮಾಷ್ಟ್ರು ಹೇಳಿದ ಹಾಗೆ ಎರಡು ಪುಟ ಬರೆದೆ. ಬರೆಯಲು ಕೂತಾಗ ಒಂದು ಗೊತ್ತಾಯಿತು. "ಆಗಲಿಲ್ಲ" ಎನ್ನುವ ಭಾಗ ಉದ್ದ ಆಯಿತು. ಅದರಲ್ಲಿ ಮುಖ್ಯವಾದದ್ದು, ಮಂಗಳವಾರ ಮತ್ತು ಶುಕ್ರವಾರದ ಮೇಜು ನಾನು ರಜೆ ಹಾಕಿದ ದಿನ ನಡೆಯುತ್ತಲೇ ಇರಲಿಲ್ಲ. ಅಟೆಂಡರ್ ಓದುತ್ತಿದ್ದರು, ಮಲಯಾಳದಲ್ಲಿ ಬರೆಯುವವರು ಯಾರೂ ಇಲ್ಲ. ಹಲಗೆಯೂ ನಾನೇ, ಹಗ್ಗವೂ ನಾನೇ. ಡ್ರಮ್ ತಮ್ಮ, ನಿನ್ನ ಶೊರ್ಣೂರು ನನಗೆ ಕಚೇರಿಯಲ್ಲೇ ಬಂತು.

ಗುರುವಾರದ ಆಫೀಸರ್ ನಗುತ್ತಾ ನಾಲ್ಕರ ಬದಲು ಏಳು ಸಾಲು ಬರೆದರು. ಹೊಸ ಆಫೀಸರ್ ಓದಿ, "ಸರ್ವಿಸ್ ಬುಕ್ಕಿಗೆ ಇದನ್ನು ಹಾಕುವ ಕ್ರಮ ಇಲ್ಲ, ನನ್ನ ವರದಿಯ ಜೊತೆ ಇಡುತ್ತೇನೆ" ಅಂದರು. ಇಟ್ಟರೋ ಇಲ್ಲವೋ, ನಾನು ನೋಡಲಿಲ್ಲ. ತರಬೇತಿಗೆ ಮೊಣಕಾಲು ನೋವಿನವರು ಹೋಗಲಿಲ್ಲ, ಅವರ ಕೆಳಗಿನವರು ಹೋದರು. ನನ್ನ ಸರದಿ ಇನ್ನೂ ನಾಲ್ಕು ಹೆಸರಿನ ಆಚೆ.

ಶುಕ್ರವಾರದ ಮೇಜನ್ನು ನಮ್ಮ ಹೊಸ ಕ್ಲರ್ಕಿಗೆ ಕೊಟ್ಟಿದ್ದೇನೆ. ಕೊಲ್ಲಂನ ಹುಡುಗ, ಕೆಲಸಕ್ಕೆ ಸೇರಿ ಒಂದು ವರ್ಷ. ವರ್ಗಾವಣೆಗೆ ಇನ್ನೂ ಬರೆದಿಲ್ಲ, ಆಶ್ಚರ್ಯ. ಅಟೆಂಡರ್ ಅವನಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದಾರೆ, ಎರಡು ಗೆರೆಯ ಪುಸ್ತಕದಲ್ಲಿ. ಮೊನ್ನೆ ನಾನು ಬೇಕೆಂದೇ ಒಳಗೆ ಕೂತೆ. ಒಬ್ಬರು ಹಿರಿಯ ಅಡಿಕೆ ಕೃಷಿಕರು ಬಂದಿದ್ದರು, ತೋಡಿಗೆ (ಸಣ್ಣ ಹೊಳೆಗೆ) ಕಟ್ಟ, ಅಂದರೆ ನೀರು ನಿಲ್ಲಿಸುವ ಒಡ್ಡು, ಹಾಕಲು ಸಹಾಯ ಬೇಕು ಎಂದು ಅರ್ಜಿ. ಅಟೆಂಡರ್ ಟೀಗೆ ಹೋಗಿದ್ದರು. ಹುಡುಗ ತಾನೇ ಕೂಡಿಸಿ ಕೂಡಿಸಿ ಓದಿದ. ಮಲಯಾಳದಲ್ಲಿ ಕಟ್ಟ ಎಂದರೆ ಇಟ್ಟಿಗೆ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ: ಹೊಳೆಗೆ ಇಟ್ಟಿಗೆ ಬೇಕಂತೆ.

ನಾನು ಏಳಲು ಹೋದೆ. ಮತ್ತೆ ಕೂತೆ. ಕೃಷಿಕರು ಕನ್ನಡಕ ಏರಿಸಿ ಅಂಚು ನೋಡಿದರು. ಅವರಿಗೆ ಮಲಯಾಳ ಓದಲು ಬರುತ್ತದೆ! "ಇಟ್ಟಿಗೆ ಅಲ್ಲ ಮಗ" ಎಂದು ಅವನ ಪೆನ್ಸಿಲ್ ತೆಗೆದುಕೊಂಡು, ಅರ್ಜಿಯ ಹಿಂದೆ ತೋಡು ಬರೆದು, ಅಡ್ಡಕ್ಕೆ ಕಲ್ಲು ಬರೆದು, ನೀರು ಎಲ್ಲಿವರೆಗೆ ನಿಲ್ಲುತ್ತದೆ ಎಂದು ಗೆರೆ ಹಾಕಿ ತೋರಿಸಿದರು. ಹುಡುಗ ಹಳೆಯ ಸಾಲನ್ನು ಅಳಿಸಿದ. ಚಿತ್ರವನ್ನು ಅಳಿಸಲಿಲ್ಲ, ಹಾಗೇ ಫೈಲಿಗೆ ಹಾಕಿದ.